ದೋಣಿಯ ‘ಹಲ್’ಗೆ ಒಡಲು ಅನ್ನಬಹುದಾ? (ಜೊತೆಗೆ ಇನ್ನೂ ಕೆಲವು ಪದ)

ಗೆಳೆಯರೆ, ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಹಾಯಿದೋಣಿಗಳ ವೇಗದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಯಾವ ಆಕಾರದ ದೋಣಿ ಜಾಸ್ತಿ ಓಡುತ್ತದೆ, ಯಾಕೆ ಓಡುತ್ತದೆ ಅನ್ನುವುದು ವಿಷಯ. ವಿಜ್ಞಾನ ತೊಂದರೆ ಕೊಡಲಿಲ್ಲ, ಪದಗಳು ಕೊಡುತ್ತಿವೆ. ನಾನಿರುವುದು ಧಾರವಾಡದಲ್ಲಿ. ನಮ್ಮ ಕಡೆ ದೋಣಿ ಅಂದರೆ ಉಣಕಲ್ ಕೆರೆಯ ಬೋಟು, ಇಲ್ಲವೇ ಹಾವೇರಿ ಕಡೆ ತುಂಗಭದ್ರೆಯ ಹರಿಗೋಲು. ಅಂಬಿಗರ ಚೌಡಯ್ಯನ ಚೌಡದಾನಪುರ ಪಕ್ಕದ ಜಿಲ್ಲೆಯಲ್ಲೇ ಇದೆ, ನಿಜ. ಆದರೆ ಹೊಳೆಯವರ ಮಾತಿನಲ್ಲಿ ಹುಟ್ಟು ಸಿಗುತ್ತದೆ, ಹಾಯಿ ಸಿಗುವುದಿಲ್ಲ. ಅದಕ್ಕೆ ಅರಬೈಲು ಘಟ್ಟ ಇಳಿದು ಅಂಕೋಲಾ, ಕಾರವಾರದವರನ್ನೇ ಕೇಳಬೇಕು. ಈ ಗುಂಪಿನಲ್ಲಿ ಆ ಕಡೆಯವರು ಇದ್ದೀರಿ ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಮೊದಲು ‘ಹಲ್’. ಹಾಯಿ, ಕಂಬ, ಚುಕ್ಕಾಣಿ ಎಲ್ಲ ಬಿಚ್ಚಿಟ್ಟ ಮೇಲೆ ಉಳಿಯುವ ದೋಣಿಯ ಮೈ. ಕನ್ನಡದಲ್ಲಿ ‘ಹಲ್‌ನ ಉದ್ದ’ ಅಂತ ಬರೆದರೆ ಮಕ್ಕಳು ಹಲ್ಲು ಎಂದೇ ಓದುತ್ತಾರೆ. ‘ತಳ’ ಅಂದರೆ ಅಡಿ ಮಾತ್ರ ಆಯಿತು, ಪಕ್ಕಗಳು ಬಿಟ್ಟುಹೋದವು. ‘ಹೊಟ್ಟೆ’ ಅಂದರೆ ಸಾಮಾನು ತುಂಬುವ ಒಳಜಾಗ. ಸದ್ಯಕ್ಕೆ ‘ಒಡಲು’ ಇಟ್ಟುಕೊಂಡಿದ್ದೇನೆ. ಮೈ, ಹೊಟ್ಟೆ ಎರಡೂ ಅರ್ಥ ಅದಕ್ಕಿರುವುದು ಇಲ್ಲಿ ಅನುಕೂಲವೇ. (ದೋಣಿಯ ಅಡಿಯಲ್ಲಿ ಉದ್ದಕ್ಕೆ ಹಾಯುವ ನಡುಮರ ‘ಕೀಲ್’, ಅದನ್ನು ಮುಟ್ಟಲೇ ಇಲ್ಲ. ಮಂಡಿ ಕೀಲು, ಬಾಗಿಲ ಕೀಲು ಎಲ್ಲ ನೆನಪಾಗಿ ಗೋಜಲಾಗುತ್ತದೆ.)

ಎರಡನೆಯದು ನಿಜಕ್ಕೂ ಕಷ್ಟದ್ದು: ‘ಡಿಸ್‌ಪ್ಲೇಸ್‌ಮೆಂಟ್ ಹಲ್’. ನೀರಿನಲ್ಲಿ ಕೂತು, ನೀರನ್ನು ಪಕ್ಕಕ್ಕೆ ತಳ್ಳುತ್ತಾ ಹೋಗುವ ದೋಣಿ. ಪಠ್ಯಪುಸ್ತಕದಲ್ಲಿ ಡಿಸ್‌ಪ್ಲೇಸ್‌ಮೆಂಟ್‌ಗೆ ‘ಸ್ಥಾನಪಲ್ಲಟ’ ಅಂತಿದೆ. ಆದರೆ ಅದು ಒಂದು ವಸ್ತು ತಾನೇ ಜಾಗ ಬದಲಿಸಿದ್ದಕ್ಕೆ ಹೇಳುವ ಮಾತು. ಇಲ್ಲಿ ಜಾಗ ಬಿಟ್ಟುಕೊಡುವುದು ನೀರು. ‘ಸ್ಥಾನಪಲ್ಲಟ ಒಡಲು’ ಅಂತ ಬರೆದರೆ ದೋಣಿಗೇ ವರ್ಗಾವಣೆ ಆದಂತೆ ಕೇಳುತ್ತದೆ, ಅಲ್ವಾ? ನಾನು ‘ನೀರು ತಳ್ಳುವ ಒಡಲು’ ಅಂತ ಬರೆದಿದ್ದೇನೆ.

ಇದರ ಜೊತೆಗೇ ಬರುವುದು ‘ಹಲ್ ಸ್ಪೀಡ್’. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಪದ ಯಾಕೆ ಬೇಕು ಅಂತ ಗೊತ್ತಾಗುವುದಿಲ್ಲ. ದೋಣಿ ಮುಂದೆ ಹೋಗುವಾಗ ಮೂತಿಯ ಹತ್ತಿರ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದವೂ ನೀರಿನ ಮಟ್ಟದಲ್ಲಿ ದೋಣಿಯ ಉದ್ದವೂ ಒಂದೇ ಆದಾಗ ದೋಣಿ ಎರಡು ಅಲೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಇನ್ನೂ ಜೋರು ಮಾಡಿದರೆ ಹಿಂಭಾಗ ಕುಸಿದು, ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಗಾಳಿ ಎಷ್ಟೇ ಬೀಸಲಿ, ವೇಗ ಹೆಚ್ಚುವುದು ಅಷ್ಟಕ್ಕಷ್ಟೇ. ಇಂಗ್ಲೆಂಡಿನ ವಿಲಿಯಂ ಫ್ರೂಡ್ 1870ರ ದಶಕದಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಮಾದರಿ ದೋಣಿಗಳನ್ನು ಎಳೆಸಿ ಇಂಥದ್ದನ್ನೆಲ್ಲ ಅಳೆದರು. ನೀರ್ಮಟ್ಟದ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸುಮಾರಾಗಿ ಈ ಮಿತಿ ಹಡಗಿನ ವೇಗದ ಅಳತೆಯಾದ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್. 100 ಅಡಿಗೆ 13.4. ಉದ್ದ ನಾಲ್ಕು ಪಟ್ಟಾದರೂ ವೇಗ ಎರಡೇ ಪಟ್ಟು.

ಇದನ್ನು ‘ಒಡಲ ವೇಗ’ ಅಂದರೆ ದೋಣಿಯ ಹೆಗ್ಗಳಿಕೆಯ ಹಾಗೆ ಕೇಳುತ್ತದೆ. ಅದು ವೇಗವಲ್ಲ, ಬೇಲಿ. ಬೇಲಿ ಹಾಕುವುದು ಅಲೆ. ಅದಕ್ಕೇ ‘ಅಲೆಮಿತಿ’ ಅಂತ ಹೊಸದಾಗಿ ಕಟ್ಟಿದ್ದೇನೆ. ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ. ಸುಮ್ನೆ ಬಿಟ್ಟುಕೊಡುವುದಿಲ್ಲ, ಈ ಪದದ ಪರ ವಾದ ಮಾಡಲು ತಯಾರಿದ್ದೇನೆ.

‘ನಾಟ್’ ಬಗ್ಗೆ ಚಿಕ್ಕ ಮಾತು. ಅದು ತಾಸಿಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. ಪತ್ರಿಕೆಗಳಲ್ಲಿ ‘ಗಂಟೆಗೆ 10 ನಾಟ್’ ಅಂತ ಬರೆಯುವವರಿದ್ದಾರೆ. ಗಂಟೆ ಆಗಲೇ ಅದರೊಳಗಿದೆ. ಕನ್ನಡಿಸಿ ‘ಗಂಟು’ ಮಾಡಿದರೆ ಗಂಟು, ಗಂಟೆ ಕೂಡಿ ಇನ್ನೊಂದು ಗೋಜಲು. ನಾಟ್ ಹಾಗೇ ಇರಲಿ.

ಈಗ ‘ಪ್ಲೇನಿಂಗ್’. ಮಕ್ಕಳು ಇದನ್ನು ಪ್ಲ್ಯಾನಿಂಗ್ ಅಂತಲೇ ಓದುತ್ತಾರೆ, ಅನುಮಾನವೇ ಬೇಡ. ಹಗುರವಾಗಿದ್ದು, ಹಿಂಭಾಗ ಚಪ್ಪಟೆ ಇರುವ ದೋಣಿ ಸಾಕಷ್ಟು ಗಾಳಿ ಸಿಕ್ಕಾಗ ತನ್ನ ಮೂತಿಯ ಅಲೆಯನ್ನು ಹತ್ತಿ ನೀರಿನ ಮೇಲೆ ಓಡತೊಡಗುತ್ತದೆ. ಕೆರೆಗೆ ಓರೆಯಾಗಿ ಬೀಸಿದ ಚಪ್ಪಟೆ ಕಲ್ಲು ಮುಳುಗದೆ ಹೋಗುತ್ತದಲ್ಲ, ಅದೇ ಬಗೆಯ ಕೆಲಸ. 1928ರಲ್ಲಿ ಇಂಗ್ಲೆಂಡಿನ ದೋಣಿ ವಿನ್ಯಾಸಕಾರ ಉಫಾ ಫಾಕ್ಸ್ ತಮ್ಮ 14 ಅಡಿಯ ‘ಅವೆಂಜರ್’ ದೋಣಿಯಲ್ಲಿ ಇದನ್ನು ಪಂದ್ಯದಲ್ಲೇ ಮಾಡಿ ತೋರಿಸಿ ಗೆದ್ದರು. 14 ಅಡಿಗೆ ಅಲೆಮಿತಿ 5 ನಾಟ್. ಮೇಲೆ ಹತ್ತಿದ ಅಂಥ ದೋಣಿ 10 ನಾಟ್ ದಾಟಬಲ್ಲದು. ‘ಜಾರುವ ಒಡಲು’ ಅಂತ ಬರೆದು ಹೊಡೆದುಹಾಕಿದೆ. ಜಾರಿದರೆ ಬಿದ್ದಂತೆ. ‘ತೇಲೋಟ’ ಹೇಗೆ? ಸಂಧಿ ಸರಿ ಇದೆ, ಅರ್ಥ ಮಾತ್ರ ಸ್ವಲ್ಪ ಸಡಿಲ. ನೀರು ತಳ್ಳುವ ದೋಣಿಯೂ ತೇಲುತ್ತದೆ ತಾನೇ.

‘ಕಟಮರಾನ್’ ನೋಡಿದರೆ ನಮಗೆ ಸಲೀಸು ಅನ್ನಿಸುತ್ತದೆ. ತಮಿಳಿನ ಕಟ್ಟುಮರಂ, ನಮ್ಮ ಕಟ್ಟು, ನಮ್ಮ ಮರ. ಆದರೆ ತಮಿಳು ಮೀನುಗಾರರ ಕಟ್ಟುಮರ ದಿಮ್ಮಿಗಳನ್ನು ಸೇರಿಸಿ ಬಿಗಿದದ್ದು. ಈಗಿನ ಕಟಮರಾನ್‌ನಲ್ಲಿ ಸಪೂರವಾದ ಎರಡು ಒಡಲು ದೂರ ದೂರ ನಿಂತಿರುತ್ತವೆ. ಸಪೂರ ಒಡಲು ಎಬ್ಬಿಸುವ ಅಲೆ ಚಿಕ್ಕದು, ಹಾಗಾಗಿ ಅಲೆಮಿತಿ ಅದನ್ನು ಅಷ್ಟಾಗಿ ಕಟ್ಟಿಹಾಕುವುದಿಲ್ಲ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ‘ಅಮರಿಲಿಸ್’ ಎಂಬ ಇಂಥ ದೋಣಿ ತಂದು ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಆಮೇಲೆ ಇಂಥ ದೋಣಿಗಳನ್ನೇ ಪಂದ್ಯದಿಂದ ಹೊರಗಿಟ್ಟರು! ‘ಜೋಡೊಡಲ ದೋಣಿ’ ಅನ್ನಲು ಮನಸ್ಸಿದೆ. ನಮ್ಮ ಕಡೆ ಜೋಡು ಅಂದರೆ ಕಾಲಿನ ಚಪ್ಪಲಿಯೂ ಹೌದು, ಅದೊಂದು ನಗು ಬರುತ್ತದೆ. ಗಾಳಿ ಮಂದವಾಗಿದ್ದಾಗ ಇದು ಹಿಂದೆ ಬೀಳಬಹುದು. ಎರಡು ಒಡಲಿಗೆ ನೀರು ತಾಗಿ ಉಜ್ಜುವ ಜಾಗ ಜಾಸ್ತಿ. ಆ ಜಾಗಕ್ಕೆ ‘ನೆನೆದ ಮೈ’ ಅಂದಿದ್ದೇನೆ. ಇದೊಂದು ಪದ ತಾನಾಗಿಯೇ ಬಂತು.

ಕೊನೆಗೆ ‘ಹೈಡ್ರೋಫಾಯಿಲ್’. ದೋಣಿಯ ಕೆಳಗೆ ನೀರಿನೊಳಗೆ ಇರುವ ರೆಕ್ಕೆ. ವೇಗ ಬಂದಾಗ ಒಡಲನ್ನೇ ನೀರಿನಿಂದ ಮೇಲೆತ್ತುತ್ತದೆ. 2013ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲಿ 72 ಅಡಿಯ ಜೋಡೊಡಲ ದೋಣಿಗಳು ಹೀಗೆ ಎದ್ದು ಓಡಿದವು. ಅದರ ಹಿಂದಿನ ವರ್ಷವೇ ನಮೀಬಿಯಾದ ವಾಲ್ವಿಸ್ ಬೇಯಲ್ಲಿ ಪಾಲ್ ಲಾರ್ಸನ್ ‘ಸೇಲ್‌ರಾಕೆಟ್ 2’ ಎಂಬ ಹಾಯಿದೋಣಿಯಲ್ಲಿ 500 ಮೀಟರ್ ದೂರವನ್ನು ಸರಾಸರಿ 65.45 ನಾಟ್ ವೇಗದಲ್ಲಿ ದಾಟಿದರು. ತಾಸಿಗೆ 121 ಕಿಲೋಮೀಟರ್. ಹೈಡ್ರೋಫಾಯಿಲ್‌ಗೆ ‘ನೀರ್‌ರೆಕ್ಕೆ’ ಸಾಕಾ, ‘ಎತ್ತುರೆಕ್ಕೆ’ ಬೇಕಾ? ಹೆಲಿಕಾಪ್ಟರಿನದೂ ಎತ್ತುವ ರೆಕ್ಕೆಯೇ ಆದ್ದರಿಂದ ನನ್ನ ಓಟು ಮೊದಲನೆಯದಕ್ಕೆ.

ಕರಾವಳಿಯವರಿಗೆ ಎರಡು ನೇರ ಪ್ರಶ್ನೆ. ದೋಣಿ ಕಟ್ಟುವ ಬಡಗಿಗಳು ಹಾಯಿ, ಕಂಬ ಬಿಟ್ಟು ಉಳಿದ ಮೈಗೆ ಒಂದೇ ಹೆಸರು ಬಳಸುತ್ತಾರಾ, ಇಲ್ಲ ಭಾಗ ಭಾಗವಾಗಿ ಹೆಸರಿಸುತ್ತಾರಾ? ಗಾಳಿ ಜೋರಾಗಿ ದೋಣಿ ಮೂತಿ ಎತ್ತಿ ಹಗುರಾಗಿ ಓಡಿದರೆ ಅದಕ್ಕೆ ಏನು ಅನ್ನುತ್ತಾರೆ? ಕೊಂಕಣಿ, ತುಳು ಪದವಾದರೂ ನಡೆದೀತು. ಲೇಖನ ಕೊಡಲು ಇನ್ನೂ ಸಮಯ ಇದೆ, ‘ತೇಲೋಟ’ವನ್ನು ಅಲ್ಲಿಯವರೆಗೆ ಪೆನ್ಸಿಲಿನಲ್ಲೇ ಇಟ್ಟಿರುತ್ತೇನೆ.