ಹೋಗುವಾಗ 48, ಬರುವಾಗ 66

ಪುಟ್ಟಾ, ಡೊಂಬಿವಲಿ ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ವಾಯ್ಸ್ ಮೆಸೇಜು. ಸ್ವಲ್ಪ ಉದ್ದ ಆಗಬಹುದು, ಚಹಾ ಇಟ್ಟುಕೊಂಡು ಕೇಳು.

ನಿನ್ನ ಪ್ಲಾನ್ ನೋಡಿದೆ. ಪುಣೆಯಿಂದ ಮೂವರು ಬೈಕಲ್ಲಿ ತಾಮ್ಹಿಣಿ ಘಾಟ್ ಇಳಿದು, ಕರಾವಳಿ ಹಿಡಿದು ಗೋವಾ, ಮಂಗಳೂರು. ಅಲ್ಲಿಂದ ಬೆಂಗಳೂರು, ಆಮೇಲೆ ಚೆನ್ನೈ ರೇಸ್ ಟ್ರ್ಯಾಕು. ಎಲ್ಲಾ ಮೂರು ದಿನದಲ್ಲಿ. ನಾಲ್ಕನೇ ದಿನ ಬೆಳಗ್ಗೆ ಟ್ರ್ಯಾಕ್ ಸ್ಕೂಲು, ಅಂದರೆ ಟ್ರ್ಯಾಕಿನ ಮೇಲೆ ಬೈಕ್ ಓಡಿಸುವುದನ್ನು ಹೇಳಿಕೊಡುವ ಕ್ಲಾಸು. ನಮ್ಮ ಮನೆಯವರ ಗ್ರೂಪಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಾರೆ. ನಾನು ಒತ್ತಿಲ್ಲ. ಯಾಕೆಂದರೆ ಇದೇ ತಪ್ಪನ್ನು ನಾವು ಹೋದ ವರ್ಷ ಜನವರಿಯಲ್ಲಿ ಮಾಡಿ ಬಂದಿದ್ದೇವೆ.

ನಮ್ಮ ಮಗಳು ಚಿನ್ನಿ ಬೈಕಲ್ಲಿ, ನಾನೂ ಚಿಕ್ಕಪ್ಪನೂ ಹಿಂದೆ ಕಾರಲ್ಲಿ. ಡಿಕ್ಕಿಯಲ್ಲಿ ಅವಳ ಲೆದರ್ ಸೂಟು, ಬೂಟು, ಟೂಲ್ಸು. ಪನ್ವೇಲಿನಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದೆವು. ಸಮುದ್ರ ನೋಡುತ್ತಾ ಹೋಗುವುದು ಅಂತ ನಾನು ಕಿಟಕಿ ಪಕ್ಕ ಸಿದ್ಧಳಾಗಿ ಕೂತಿದ್ದೆ. ಪೆಣ್ ಬಂತು, ಮಹಾಡ್ ಬಂತು, ಚಿಪಳೂಣ್ ಬಂತು, ಕಣಕವಲಿ ಬಂತು. ಸಮುದ್ರ ಎಲ್ಲಿ? ಮಹಾರಾಷ್ಟ್ರದಲ್ಲಿ ಆ ಹೆದ್ದಾರಿ ಒಳನಾಡಲ್ಲಿ ಹೋಗುತ್ತದೆ ಮಾರಾಯ. ಗುಡ್ಡ, ಲಾರಿ, ಕಾಮಗಾರಿ, ಮತ್ತೆ ಗುಡ್ಡ. ಹೆದ್ದಾರಿ ಪಕ್ಕದಲ್ಲೇ ಅಲೆ ಕಾಣಬೇಕಾದರೆ ಕಾರವಾರಕ್ಕೇ ಬರಬೇಕು.

ಕಾರವಾರ ದಾಟಿದರೆ ಕುಮಟಾ ದೂರವೇ? ಅಜ್ಜಿ ಮನೆ. ಒಂದೇ ರಾತ್ರಿ ಉಳಿಯುವುದು ಅಂತ ಲೆಕ್ಕ. ಅಲ್ಲಿ ಒಂದೇ ರಾತ್ರಿ ಇದ್ದು ಎದ್ದು ಬರುವುದು ನಮ್ಮ ಮನೆತನದಲ್ಲಿ ಯಾರಿಂದಲಾದರೂ ಆಗಿದೆಯಾ? ತೆಳ್ಳೇವು ಹುಯ್ದಳು, ಮಧ್ಯಾಹ್ನಕ್ಕೆ ಅಪ್ಪೆಹುಳಿ ಮಾಡಿದಳು, ಊಟ ಆದಮೇಲೆ ಚಿಕ್ಕಪ್ಪ ಗೊರಕೆ ಹೊಡೆದರು. ಒಂದು ದಿನ ಹೋಯಿತು. ಮರುದಿನ ಬೆಳಗಿನ ಜಾವ ಹೊರಟು, ಹೊನ್ನಾವರದಿಂದ ಘಟ್ಟ ಹತ್ತಿ, ಸಾಗರ, ಶಿವಮೊಗ್ಗ ದಾಟಿ, ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿಗೆ ಸರಿಯಾಗಿ ಬಂದು ಸಿಕ್ಕಿಕೊಂಡೆವು. ಅಲ್ಲಿಂದ ಇನ್ನೂ ಮುನ್ನೂರು ಕಿಲೋಮೀಟರು. ಲಾಡ್ಜ್ ತಲುಪಿದಾಗ ರಾತ್ರಿ ಎರಡು ಗಂಟೆ. ಬೆಳಗ್ಗೆ ಏಳಕ್ಕೆ ಬೈಕ್ ತಪಾಸಣೆ!

ಟ್ರ್ಯಾಕ್ ಚೆನ್ನೈ ಊರೊಳಗೆ ಇಲ್ಲ, ಅದು ಗೊತ್ತಿರಲಿ. ಶ್ರೀಪೆರುಂಬುದೂರು ಇದೆಯಲ್ಲ, ರಾಮಾನುಜಾಚಾರ್ಯರು ಹುಟ್ಟಿದ ಊರು, ಅದನ್ನು ದಾಟಿದರೆ ಇರುಂಗಾಟ್ಟುಕೋಟ್ಟೈ. ಅಲ್ಲಿ. ಮೊದಲೆಲ್ಲ ರೇಸು ಆಗುತ್ತಿದ್ದದ್ದು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿಯ ಮೇಲೆ. ಇದು 1990ರಲ್ಲಿ ಶುರುವಾದ ಟ್ರ್ಯಾಕು. ಒಂದು ಸುತ್ತು ಸುಮಾರು 3.7 ಕಿಲೋಮೀಟರು, 12 ತಿರುವು. ಇದನ್ನೆಲ್ಲ ಚಿಕ್ಕಪ್ಪ ದಾರಿಯುದ್ದಕ್ಕೂ ಹೇಳಿದರು, ನಾನು ಹೂಂ ಅಂದೆ.

ಒಳಗೆ ಹೋದ ಮೇಲೆ ಬೈಕಿನ ಕನ್ನಡಿಗೂ ಲೈಟಿಗೂ ಟೇಪ್ ಸುತ್ತಿಸಿದರು. ಬಿದ್ದರೆ ಗಾಜಿನ ಚೂರು ಹರಡಬಾರದು ಅಂತ. ಕನ್ನಡಿಗೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಹಿಂದೆ ಯಾರು ಬಂದರು ಅಂತ ನೋಡುವ ಹಾಗಿಲ್ಲ. ದಾಟುವವನೇ ಜಾಗ ನೋಡಿ ದಾಟಬೇಕು, ಮುಂದಿನವನು ತನ್ನ ಗೆರೆ ಬಿಡಬಾರದು. ನಮ್ಮ ಕಲ್ಯಾಣ್-ಶಿಳ್ ರಸ್ತೆಯಲ್ಲೂ ಈ ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಟೈರಿನ ಗಾಳಿಯನ್ನೂ ಇಳಿಸಿದರು. ವೇಗಕ್ಕೆ ಟೈರ್ ಕಾದು ಒತ್ತಡ ತಾನಾಗಿ ಏರುತ್ತದಂತೆ, ಮೊದಲೇ ತುಂಬಿದ್ದರೆ ಹಿಡಿತ ಕಡಿಮೆಯಾಗುತ್ತದೆ.

ಬೆಳಗ್ಗೆ ಎಲ್ಲಾ ಚೆನ್ನಾಗೇ ಹೋಯಿತು. ಮಧ್ಯಾಹ್ನ ಊಟ ಆದ ಮೇಲಿನ ಸೆಷನ್ನಿನಲ್ಲಿ ಚಿನ್ನಿ ಒಂದು ತಿರುವಿನಲ್ಲಿ ಸುಮ್ನೆ ನೇರ ಹೋಗಿಬಿಟ್ಟಳು. ಡಾಂಬರು ಬಿಟ್ಟು ಮಣ್ಣಿಗೆ. ಬೀಳಲಿಲ್ಲ, ದೇವರು ದೊಡ್ಡವನು. ಮುಂದೆ ಅಪಾಯ ಇದೆ ಅಂತ ಉಳಿದವರಿಗೆ ಹಳದಿ ಬಾವುಟ ಎತ್ತಿದರು. ನನ್ನ ಜೀವ ಬಾಯಿಗೆ ಬಂದಿತ್ತು. ಹೇಳಿಕೊಡುವವರು ಅವಳನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ, ರಾತ್ರಿ ಎಷ್ಟು ತಾಸು ನಿದ್ದೆ ಮಾಡಿದ್ದೆ ಅಂತ. ಇವಳು ನಾಲ್ಕು ತಾಸು ಅಂದಳು. ಇವತ್ತಿಗೆ ಸಾಕು, ಹೋಗಿ ಮಲಗು ಅಂದರು. ಅಷ್ಟು ದುಡ್ಡು ಕಟ್ಟಿ, ಅಷ್ಟು ದೂರದಿಂದ ಬಂದು, ಮಗಳು ಉಳಿದ ಸೆಷನ್ನುಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿ ಕಳೆದಳು. ಎದ್ದ ಮೇಲೆ ಅತ್ತಳು. ಅದನ್ನು ಇಲ್ಲಿ ಹೇಳಬೇಡ ಅಂದಿದ್ದಳು, ಹೇಳಿಬಿಟ್ಟೆ, ಇರಲಿ.

ಅದಕ್ಕೇ ಹೇಳುವುದು. ಹೋಗುವಾಗ 48ನೇ ಹೆದ್ದಾರಿಯಲ್ಲಿ ಹೋಗು. ನಿನ್ನ ಮನೆ ಪಕ್ಕದಲ್ಲೇ ಹಾದುಹೋಗುವ ಅದೇ ರಸ್ತೆ ನೇರ ಟ್ರ್ಯಾಕಿನ ಹತ್ತಿರ ಹೋಗುತ್ತದೆ. ಪುಣೆಯಿಂದ ಸುಮಾರು 1,150 ಕಿಲೋಮೀಟರು. ಕರಾವಳಿ ಸುತ್ತಿದರೆ 1,500 ದಾಟುತ್ತದೆ. ಮೊದಲ ರಾತ್ರಿ ದಾವಣಗೆರೆ, ಹೆಚ್ಚುಕಮ್ಮಿ ಅರ್ಧ ದಾರಿ, ಬೆಳಗ್ಗೆ ಬೆಣ್ಣೆದೋಸೆ. ಬೆಂಗಳೂರಿನೊಳಗೆ ನುಗ್ಗಬೇಡ, ನೈಸ್ ರಸ್ತೆಯಲ್ಲಿ ಹೊಸೂರು ಕಡೆಗೆ ಹೊರಬೀಳು. ಎರಡನೇ ರಾತ್ರಿ ಶ್ರೀಪೆರುಂಬುದೂರು. ಮೂರನೇ ದಿನ ಪೂರ್ತಿ ರಜಾ. ಟೈರು, ಬ್ರೇಕು, ಚೈನು ನೋಡಿಸು. ಒಂಬತ್ತಕ್ಕೆ ಮಲಗು. ನಗಬೇಡ.

ಸಮುದ್ರ ಬರುವಾಗ. ಶಿರಾಡಿ ಘಾಟ್ ಇಳಿದು ಮಂಗಳೂರು, ಉಡುಪಿ, ಮರವಂತೆ. ಅಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ನೀನು. ಆಮೇಲೆ ಅಜ್ಜಿ ಮನೆ, ಎಷ್ಟು ದಿನ ಬೇಕಾದರೂ ಇರು. ಗೋವಾ ದಾಟಿದ ಮೇಲೆ 66 ಬಿಟ್ಟು ದಡದ ಸಣ್ಣ ರಸ್ತೆ ಹಿಡಿ. ವೆಂಗುರ್ಲಾ, ಮಾಲವಣ, ರತ್ನಾಗಿರಿ. ರತ್ನಾಗಿರಿಯಿಂದ ಗಣಪತಿಪುಳೆಗೆ ಹೋಗುವಾಗ ಆರೆ-ವಾರೆ ತಿರುವಿನಲ್ಲಿ ಬೈಕ್ ನಿಲ್ಲಿಸದೇ ಹೋದರೆ ನೀನು ನಮ್ಮವನಲ್ಲ. ಮುಂದೆ ಖಾಡಿಗಳು, ಸಮುದ್ರದ ನೀರು ಒಳಗೆ ನುಗ್ಗಿದ ಹೊಳೆಬಾಯಿಗಳು. ಜಯಗಡದಿಂದ ತವಸಾಳಿಗೆ, ಧೋಪಾವೆಯಿಂದ ದಾಭೋಳಕ್ಕೆ, ವೇಶ್ವಿಯಿಂದ ಬಾಗಮಾಂಡಲಾಕ್ಕೆ ಫೆರಿಯಲ್ಲಿ ಬೈಕ್ ಹತ್ತಿಸಿಕೊಂಡು ದಾಟಬೇಕು. ಹರಿಹರೇಶ್ವರ ನೋಡಿಕೊಂಡು ಮಾಣಗಾಂವ್, ಅಲ್ಲಿಂದ ನಿನ್ನ ತಾಮ್ಹಿಣಿ.

ಈ ಫೆರಿ ದಾರಿ ಬರುವಾಗಲೇ ಒಳ್ಳೆಯದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಟ್ರ್ಯಾಕಿನಿಂದ ಹೊರಗೆ ಬಂದವರಿಗೆ ಎಂಬತ್ತರ ವೇಗ ಎತ್ತಿನಗಾಡಿ ಅನ್ನಿಸುತ್ತದೆ. ಚಿನ್ನಿ ಹೆದ್ದಾರಿಗೆ ಬಂದವಳೇ ಕನ್ನಡಿ ನೋಡುವುದನ್ನೇ ಮರೆತಿದ್ದಳು. ಟೇಪ್ ಕೂಡ ತೆಗೆದಿರಲಿಲ್ಲ! ಗಾಳಿಯನ್ನೂ ಮತ್ತೆ ತುಂಬಿಸಿರಲಿಲ್ಲ. ಐವತ್ತು ಕಿಲೋಮೀಟರು ಹೋದ ಮೇಲೆ ಬೈಕ್ ತೂಗಾಡುತ್ತಿದೆ ಅಂತ ನಿಲ್ಲಿಸಿದಾಗ ಗೊತ್ತಾಯಿತು. ಫೆರಿಗೆ ಅರ್ಧ ಗಂಟೆ ಕಾಯುತ್ತಾ ಕೂತರೆ ಕೈಯಲ್ಲಿ ಉಳಿದ ಆ ಜೋರು ಇಳಿಯುತ್ತದೆ.

ಮಳೆಗಾಲದಲ್ಲಿ ಮಾತ್ರ ಬೇಡ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು, ಆಗಸ್ಟಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ನಮ್ಮೂರಿನವರಿಗೆ ನೆನಪಿಸಬೇಕಾಗಿಲ್ಲ ಅಲ್ವಾ.

ಮತ್ತೆ ಬಾಡಿಗೆ ಸೂಟು ಅಂತ ಬರೆದಿದ್ದೀಯಲ್ಲ, ಮೊದಲೇ ಹಾಕಿಕೊಂಡು ಬಗ್ಗಿ ನೋಡು, ಮಂಡಿ ಹತ್ತಿರ ಬಿಗಿಯಾದರೆ ಬೇರೆ ತಗೋ. ನಿನ್ನ ಜೊತೆ ಬರುವ ಹುಡುಗಿ ಚಿನ್ನಿಯಷ್ಟೇ ಎತ್ತರ ಇದ್ದರೆ ಇವಳದೇ ಕೊಡುತ್ತೇನೆ. ಅಮ್ಮಾ, ಕುಮಟಾದಲ್ಲಿ ಕೂತು ನೀನೂ ಇದನ್ನು ಕೇಳಿಸಿಕೊಳ್ಳುತ್ತಿರುತ್ತೀಯ, ಹುಡುಗರು ಹೋಗುವಾಗ ಬರುವುದಿಲ್ಲ, ಬರುವಾಗ ಬರುತ್ತಾರೆ. ಅಪ್ಪೆಮಿಡಿ ಭರಣಿ ಈಗಲೇ ಇಳಿಸಬೇಡ.