ಎರಡು ವಿಮಾನಗಳ ನಡುವೆ ಸಾವಿರ ಅಡಿ ಸಾಕು ಅಂತ ಲೆಕ್ಕ ಹಾಕಿದ್ದು ಹೇಗೆ?

ಕೋಡಿಬಾಗ ಗಣಿತ:
ಕಾರವಾರದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುತ್ತೇನೆ. ಸಂಜೆ ಬೀಚಿನಲ್ಲಿ ಕೂತು ಮೊಬೈಲ್ ಆ್ಯಪಿನಲ್ಲಿ ವಿಮಾನ ನೋಡುವುದು ಒಂದು ಚಟ. ನಿನ್ನೆ ಎದುರುಬದುರಾಗಿ ಎರಡು ಬಂದವು. ಒಂದು 35,000 ಅಡಿ, ಇನ್ನೊಂದು 36,000. ನಡುವೆ ಬರೀ ಸಾವಿರ ಅಡಿ! ಇಷ್ಟು ಸಾಕು ಅಂತ ಹೇಗೆ ತೀರ್ಮಾನಿಸಿದರು? ಆಕಾಶದಲ್ಲಿ ಡಿಕ್ಕಿ ಆಗುವುದೇ ಅಪರೂಪ. ಎಣಿಸಲು ಅಂಕಿಯೇ ಇಲ್ಲದಾಗ ಸಂಭವನೀಯತೆ ಎಲ್ಲಿಂದ ಬರುತ್ತದೆ?

ಕುಮಟಾ ಕಂಟ್ರೋಲರ್ (ನಿವೃತ್ತ):
ಮಾಸ್ತರೇ, ಡಿಕ್ಕಿ ಎಣಿಸುವುದಿಲ್ಲ, ತಪ್ಪುಗಳನ್ನು ಎಣಿಸುತ್ತಾರೆ. 1960ರ ದಶಕದಲ್ಲಿ ಅಟ್ಲಾಂಟಿಕ್ ದಾರಿಗಳಿಗಾಗಿ ರೈಕ್ ಎಂಬವರು ಮಾಡಿದ ಮಾಡೆಲ್ಲೇ ಇವತ್ತಿಗೂ ಬುನಾದಿ. ಅದರಲ್ಲಿ ವಿಮಾನ ಅಂದರೆ ಒಂದು ಪೆಟ್ಟಿಗೆ. ಎರಡು ಪೆಟ್ಟಿಗೆಗಳು ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದೇ ಹೊತ್ತಿಗೆ ತಗುಲಿದರೆ ಡಿಕ್ಕಿ. ಒಂದೊಂದರ ಸಾಧ್ಯತೆ ಬೇರೆ ಬೇರೆ ಅಳೆದು ಗುಣಿಸುವುದು. ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್ ಎಷ್ಟು ತಪ್ಪು ತೋರಿಸುತ್ತದೆ ಅಂತ ನೆಲದಿಂದಲೇ ಅಳೆಯಬಹುದು. ಗುರಿ ಏನೆಂದರೆ, ಎತ್ತರದ ಅಂತರ ಕೆಟ್ಟು ಆಗುವ ಸಾವಿನ ಅಪಘಾತ 20 ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತ ಜಾಸ್ತಿ ಇರಬಾರದು. 29,000 ಅಡಿ ಮೇಲೆ ಮೊದಲು 2,000 ಅಡಿ ಬಿಡುತ್ತಿದ್ದೆವು. ನಮ್ಮ ದೇಶದಲ್ಲಿ 2003ರ ನವೆಂಬರ್‌ನಲ್ಲಿ ಸಾವಿರಕ್ಕೆ ಇಳಿಯಿತು.

ಕೋಡಿಬಾಗ ಗಣಿತ:
ಸುಮ್ನೆ ಗುಣಿಸಬೇಕಾದರೆ ಒಂದಕ್ಕೊಂದು ಸಂಬಂಧ ಇರಬಾರದು ಅಲ್ವಾ? ನಮ್ಮ ಮಕ್ಕಳು ಎಡವುವುದೂ ಇಲ್ಲೇ.

ಕುಮಟಾ ಕಂಟ್ರೋಲರ್ (ನಿವೃತ್ತ):
ನನ್ನ ತಕರಾರೂ ಅದೇ. ಯಂತ್ರದ ತಪ್ಪಿಗೆ ಆ ಲೆಕ್ಕ ಚೆನ್ನ, ಮನುಷ್ಯರ ತಪ್ಪಿಗೆ ಸಾಲದು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ವಿಮಾನಕ್ಕೆ 14,000 ಅಡಿ, ಕಜಕ್ ವಿಮಾನಕ್ಕೆ 15,000 ಕೊಟ್ಟಿದ್ದರು. ಕಜಕ್ ವಿಮಾನ ಕೆಳಗೆ ಇಳಿದುಬಿಟ್ಟಿತು. 349 ಜನ ಹೋದರು. 2002ರಲ್ಲಿ ಜರ್ಮನಿಯ ಊಬರ್ಲಿಂಗನ್ ಮೇಲೆ 71 ಜನ. ಅಂದು ಕೆಲಸದಲ್ಲಿದ್ದವನು ಒಬ್ಬನೇ ಕಂಟ್ರೋಲರ್, ಫೋನ್ ಲೈನ್ ರಿಪೇರಿಯಲ್ಲಿ, ಒಂದು ವಿಮಾನಕ್ಕೆ ಅದರೊಳಗಿನ ಡಿಕ್ಕಿ ತಪ್ಪಿಸುವ ಯಂತ್ರ ಏರು ಅಂದಿತು, ಇವನು ಇಳಿ ಅಂದ. ಒಂದು ತಪ್ಪು ಇನ್ನೊಂದನ್ನು ಕೈಹಿಡಿದು ಕರೆತಂದಿದೆ. ಬಿಡಿಬಿಡಿಯಾಗಿ ಗುಣಿಸಿದರೆ ಬರುವ ಅಂಕಿ ನೋಡಲು ಚಂದ, ಅಷ್ಟೇ.

ಅದಕ್ಕೇ ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ಆರ್ ಎಂಬ ವಿಮಾನಯಾನ ಸಂಶೋಧನಾ ಸಂಸ್ಥೆಯವರು ಟೋಪಾಜ್ ಅಂತ ಒಂದು ವಿಧಾನ ಮಾಡಿದ್ದಾರೆ. ಪೈಲಟ್, ಕಂಟ್ರೋಲರ್, ರೇಡಿಯೊ ಎಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಮಾಂಟೆ ಕಾರ್ಲೊ ಓಡಿಸುವುದು, ಅಂದರೆ ಅದೃಷ್ಟದ ಆಟದ ಹಾಗೆ ಮನಬಂದ ಅಂಕಿ ಹಾಕಿ ಅದೇ ಹಾರಾಟವನ್ನು ಲೆಕ್ಕವಿಲ್ಲದಷ್ಟು ಸಲ ನಡೆಸಿ ನೋಡುವುದು. ಡಿಕ್ಕಿ ಆಗುವ ತನಕ ಕಾದರೆ ಮುಗಿಯುವುದೇ ಇಲ್ಲ. ಹಾಗಾಗಿ ವಿಮಾನಗಳು ಹತ್ತಿರ ಬಂದ ಓಟಗಳನ್ನಷ್ಟೇ ಉಳಿಸಿಕೊಂಡು, ಅಲ್ಲಿಂದ ಮತ್ತೆ ಮತ್ತೆ ಓಡಿಸಬಹುದು. ಇನ್ನೂ ಹತ್ತಿರ ಬಂದವು ಎಷ್ಟು, ಅದರಲ್ಲಿ ತಗುಲಿದ್ದು ಎಷ್ಟು ಅಂತ ಹಂತಹಂತವಾಗಿ ಗುಣಿಸುವುದು. ನೀವು ಕ್ಲಾಸಿನಲ್ಲಿ ಹೇಳುವ ಷರತ್ತುಬದ್ಧ ಸಂಭವನೀಯತೆಯೇ.

ಬೈತಖೋಲ್ ಬೋಟ್:
ಗಣಿತ ನನಗೆ ತಿಳಿಯದು ಮಾರಾಯ್ರೆ. ಆದರೆ ಜಿಪಿಎಸ್ ಬಂದ ಮೇಲೆ ನಮ್ಮ ಬೋಟುಗಳೆಲ್ಲ ಒಂದೇ ಗೆರೆ ಮೇಲೆ ಬರುತ್ತವೆ. ಮೊದಲು ಒಬ್ಬೊಬ್ಬ ತಾಂಡೇಲ (ಬೋಟ್ ನಡೆಸುವವ) ಒಂದೊಂದು ಕಡೆಯಿಂದ ಬರುತ್ತಿದ್ದ. ವಿಮಾನಕ್ಕೂ ಹಾಗೇನಾ?

ಕುಮಟಾ ಕಂಟ್ರೋಲರ್ (ನಿವೃತ್ತ):
ಹೌದು, ಡಿಟ್ಟೋ! ಹಿಂದೆ ವಿಮಾನ ಗೆರೆಯಿಂದ ಆಚೀಚೆ ಸರಿದಿರುತ್ತಿತ್ತು. ಎತ್ತರ ತಪ್ಪಿದರೂ ಪಕ್ಕದಲ್ಲಿ ದಾಟಿ ಹೋಗುತ್ತಿತ್ತು. ಈಗ ನೆತ್ತಿಯ ಮೇಲೇ ಹೋಗುತ್ತದೆ. ಅಗಲದ ಸಾಧ್ಯತೆ ಏರಿದರೆ ಗುಣಾಕಾರವೂ ಏರುತ್ತದೆ. ಅದಕ್ಕೇ ಸಾಗರದ ಮೇಲೆ ಬೇಕೆಂದೇ 2 ನಾಟಿಕಲ್ ಮೈಲಿನವರೆಗೆ ಬಲಕ್ಕೆ ಸರಿದು ಹೋಗಲು ಬಿಡುತ್ತಾರೆ.

ಬೈತಖೋಲ್ ಬೋಟ್:
ಎಡಕ್ಕೆ ಯಾಕಿಲ್ಲ?

ಕುಮಟಾ ಕಂಟ್ರೋಲರ್ (ನಿವೃತ್ತ):
ಎದುರಿಂದ ಬರುವವನೂ ಅವನ ಬಲಕ್ಕೆ ಸರಿದರೆ ಅಂತರ ಎರಡು ಪಟ್ಟು. ನೀವು ಎಡಕ್ಕೆ, ಅವನು ಬಲಕ್ಕೆ ಅಂದರೆ ಇಬ್ಬರೂ ಮತ್ತೆ ಒಂದೇ ಗೆರೆ ಮೇಲೆ.