ಜೈಲಿನಿಂದ ಹೊರಬಂದವನ ಕಥೆ: ಚಿತ್ರಕಥೆಯಲ್ಲಿ ಎಲ್ಲೆಲ್ಲಿ ತಪ್ಪಿದೆ?

ಮಂಡಕ್ಕಿ_ಮಾಂಟೇಜ್

ಎಲ್ಲರಿಗೂ ನಮಸ್ಕಾರ. ಕಡಿಮೆ ಬಜೆಟ್ಟಿನ ಕನ್ನಡ ಚಿತ್ರವೊಂದರ ಚಿತ್ರಕಥೆ ಎರಡನೇ ಕರಡಿಗೆ ಬಂದಿದೆ. ನಾಯಕ ದಾವಣಗೆರೆಯವನು. 2009ರಲ್ಲಿ ಕೊಲೆ ಕೇಸಿನಲ್ಲಿ ಒಳಗೆ ಹೋಗಿ, ಜೀವಾವಧಿ ಶಿಕ್ಷೆಯಾಗಿ, ಬಳ್ಳಾರಿ ಸೆಂಟ್ರಲ್ ಜೈಲಿನಿಂದ ಸನ್ನಡತೆಯ ಮೇಲೆ ಹೊರಬರುತ್ತಾನೆ. ಸದ್ಯ ಬರೆದಿರುವುದು ಹೀಗೆ: 14 ವರ್ಷ ತುಂಬಿದ ದಿನವೇ ಬಿಡುಗಡೆ. ಗೇಟಿನಲ್ಲಿ ಅವನ ಹಳೇ ಚೀಲ ಕೊಡುತ್ತಾರೆ, ಅದರಲ್ಲಿ ರದ್ದಾದ ಸಾವಿರದ ನೋಟುಗಳು. ಊರಲ್ಲಿ ಫೋನ್ ಪೇ ನೋಡಿ ಕಕ್ಕಾಬಿಕ್ಕಿಯಾಗುತ್ತಾನೆ. ಕೊನೆಗೆ ಏಜೆನ್ಸಿಯೊಂದರ ಮೂಲಕ ಎಟಿಎಂ ಸೆಕ್ಯುರಿಟಿ ಗಾರ್ಡ್ ಆಗುತ್ತಾನೆ.

ಕಾನೂನು ಬಲ್ಲವರು, ಜೈಲಿನ ಪದ್ಧತಿ ಬಲ್ಲವರು ತಪ್ಪು ತೋರಿಸಿ. ಒಳಗಿನ ದೃಶ್ಯಗಳು ಒಟ್ಟು ಏಳೆಂಟು ನಿಮಿಷ. ಅದಕ್ಕೆ ಸೆಟ್ ಸಾಕಾ? ಸಿಂಕ್ ಸೌಂಡಲ್ಲೇ (ಡಬ್ಬಿಂಗ್ ಇಲ್ಲದೆ, ಶೂಟಿಂಗ್ ಜಾಗದ ಸದ್ದಲ್ಲೇ) ಮಾಡಬೇಕು ಅಂತಿದೆ.

ಕರಿಕೋಟು

ಜೀವಾವಧಿ ಅಂದರೆ 14 ವರ್ಷ ಅಲ್ಲ, ಜೀವ ಇರುವ ತನಕ. 1961ರಲ್ಲಿ, ಗಾಂಧಿ ಹತ್ಯೆಯಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸಿನಿಮಾದವರು ಮಾತ್ರ ಇನ್ನೂ 14ಕ್ಕೆ ಗಂಟು ಬಿದ್ದಿದ್ದಾರೆ. ಆ 14 ಬರುವುದು ಬೇರೆ ಕಡೆಯಿಂದ. ಹಳೇ ಸಿಆರ್‌ಪಿಸಿಯ (ಕ್ರಿಮಿನಲ್ ಪ್ರಕ್ರಿಯೆಯ ಸಂಹಿತೆ) 433ಎ, ಅದರ ಬದಲು ಬಂದ ಈಗಿನ ಬಿಎನ್‌ಎಸ್‌ಎಸ್‌ನ 475ನೇ ಸೆಕ್ಷನ್. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಮಾಫಿ (ಶಿಕ್ಷೆಯಲ್ಲಿ ಸಿಗುವ ಕಡಿತ) ಎಷ್ಟೇ ಕೂಡಿದ್ದರೂ 14 ವರ್ಷ ಒಳಗೆ ಕಳೆಯದೆ ಬಿಡುವಂತಿಲ್ಲ ಅನ್ನುವುದಷ್ಟೇ ಅದರ ತಾತ್ಪರ್ಯ. ವಿಚಾರಣಾಧೀನನಾಗಿ ಕಳೆದ ದಿನಗಳೂ ಲೆಕ್ಕಕ್ಕೆ ಬರುತ್ತವೆ.

14 ತುಂಬಿದ ಮೇಲೆ ಓಡಾಟ ಕಡತದ್ದು. ಜೈಲು ಸೂಪರಿಂಟೆಂಡೆಂಟರ ವರದಿ, ಊರಿನ ಠಾಣೆಯ ವರದಿ, ಪ್ರೊಬೇಷನ್ ಅಧಿಕಾರಿಯ ವರದಿ, ಸಮಿತಿ, ಆಮೇಲೆ ಸರ್ಕಾರ. ಠಾಣೆಯವರು 'ಬಿಟ್ಟರೆ ಗ್ರಾಮದಲ್ಲಿ ಶಾಂತಿಭಂಗ' ಅಂತ ಒಂದು ಸಾಲು ಗೀಚಿದರೆ ಕಡತ ಅಲ್ಲೇ ಕೂರುತ್ತದೆ. 2009ರಲ್ಲಿ ಒಳಗೆ ಹೋದವನಿಗೆ 2023ಕ್ಕೆ 14 ತುಂಬುತ್ತದೆ, ಬಿಡುಗಡೆ 2024ರ ಆಗಸ್ಟ್ 15ರ ಸುಮಾರಿಗೆ ಇಟ್ಟುಕೊಳ್ಳಿ. ನಂಬುವಂತಿರುತ್ತದೆ.

ನಿಮ್ಮ ಕಥೆಗೆ ಬೇಕಾದ ಬಿಗಿ ಇರುವುದು ಬಿಡುಗಡೆಯ ಷರತ್ತುಗಳಲ್ಲಿ. ಅವನು ಬಾಂಡ್ ಬರೆದುಕೊಟ್ಟು ಬಂದಿರುತ್ತಾನೆ. ಷರತ್ತು ಮುರಿದರೆ ಅದೇ ಬಿಎನ್‌ಎಸ್‌ಎಸ್‌ನ 473(3)ರಡಿ ಮಾಫಿ ರದ್ದಾಗಬಹುದು, ವಾರಂಟ್ ಇಲ್ಲದೆ ಹಿಡಿದು ಉಳಿದ ಶಿಕ್ಷೆಗೆ ಮತ್ತೆ ಒಳಗೆ ಹಾಕಬಹುದು. ಒಂದು ಎಫ್‌ಐಆರ್ ಆಯಿತೆಂದು ತಾನಾಗೇ ರದ್ದಾಗದು, ನೋಟಿಸ್ ಕೊಟ್ಟು ಅವನ ಮಾತು ಕೇಳಲೇಬೇಕು ಅಂತ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ನಿಮ್ಮ ನಾಯಕನಿಗೂ, ಅವನ ಜತೆ ಬೇಲಿ ಜಗಳ ತೆಗೆಯುವ ದಾಯಾದಿಯೊಬ್ಬನನ್ನು ತಂದರೆ ಅವನಿಗೂ ಗೊತ್ತಿರಬೇಕಲ್ಲ! 'ಒಂದು ಕಂಪ್ಲೇಂಟ್ ಕೊಟ್ಟರೆ ಸಾಕು' ಎಂಬ ಬೆದರಿಕೆಯೊಂದರಲ್ಲೇ ಇಡೀ ಎರಡನೇ ಭಾಗ ನಡೆಸಬಹುದು.

ಗಾರ್ಡ್ ಕೆಲಸ ಕೈಬಿಡಿ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಕೋರ್ಟಿನಲ್ಲಿ ಶಿಕ್ಷೆಯಾದವನನ್ನು ಗಾರ್ಡ್ ಆಗಿ ಇಟ್ಟುಕೊಳ್ಳುವಂತಿಲ್ಲ. ಅರ್ಜಿ ಕೊಟ್ಟು ಪೊಲೀಸ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬೀಳುವ ದೃಶ್ಯವಾದರೆ ಇರಲಿ.

ಸಜಾಬಂಧಿ_ನೋಟ್ಸ್

ಮೇಲಿನವರು ಹೇಳಿದ್ದಕ್ಕೆ ಒಳಗಿನ ವಿವರ ಸೇರಿಸುತ್ತೇನೆ.

ನೋಟಿನ ದೃಶ್ಯ ನಡೆಯಲ್ಲ. ಒಳಗೆ ಹೋಗುವಾಗ ಕೈಯಲ್ಲಿದ್ದ ನಗದನ್ನು ಬಂಧಿಯ ಖಾತೆಗೆ ಜಮಾ ಮಾಡುತ್ತಾರೆ. ನೋಟುಗಳು ಚೀಲದಲ್ಲಿ ಕೂತಿರಲ್ಲ. ವಾಚು, ಬೆಲ್ಟು, ಬಟ್ಟೆ ರಿಜಿಸ್ಟರಿನಲ್ಲಿ ಬರೆದಿದ್ದು, ಹೊರಡುವಾಗ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಕೊಡುತ್ತಾರೆ. ರದ್ದಾದ ನೋಟು ಬೇಕೇ ಬೇಕೆಂದರೆ ಅವ್ವನ ಟ್ರಂಕಿನಲ್ಲಿಡಿ. 2016ರ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಲಾಗದೆ ಉಳಿದದ್ದು ಅಂತ ಒಂದು ಮಾತು ಸಾಕು.

ಬಿಡುವ ಮೊದಲು ರಿಜಿಸ್ಟರಿನಲ್ಲಿರುವ ಮಚ್ಚೆ, ಗಾಯದ ಗುರುತನ್ನು ಮೈಮೇಲಿನದರ ಜತೆ ತಾಳೆ ನೋಡುತ್ತಾರೆ. ಹದಿನೈದು ವರ್ಷದ ಹಿಂದೆ ಬರೆದ 'ಎಡ ಮೊಣಕೈ ಕೆಳಗೆ ಮಚ್ಚೆ'ಯನ್ನು ಸಿಬ್ಬಂದಿ ಹುಡುಕುತ್ತಾ ತೋಳು ತಿರುಗಿಸುವುದನ್ನು ಹತ್ತಿರದಿಂದ ತೆಗೆಯಿರಿ, ಮಾತೇ ಬೇಡ.

ಅವನು ಜಗತ್ತನ್ನೇ ಕಾಣದವನಂತೆ ಬರೆಯಬೇಡಿ. ಬ್ಯಾರಕ್ಕಿನಲ್ಲಿ ಟಿವಿ ಇರುತ್ತದೆ, ಅಷ್ಟು ವರ್ಷದಲ್ಲಿ ಪೆರೋಲ್ ಮೇಲೂ ಬಂದಿರುತ್ತಾನೆ. ಫೋನ್ ಪೇ ಏನೆಂದು ಗೊತ್ತು, ಅದು ಅವನಿಗೆ ಒಲಿಯಲ್ಲ ಅಷ್ಟೆ. ಸಿಮ್‌ಗೆ ಗುರುತಿನ ದಾಖಲೆ ಬೇಕು, ಹೆಚ್ಚಾಗಿ ಆಧಾರ್ ಕೇಳುತ್ತಾರೆ. ಜೈಲಿನ ಶಿಬಿರದಲ್ಲಿ ಮಾಡಿಸಿದ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿಲ್ಲ, ಹಾಗಾಗಿ ಒಟಿಪಿ ಬರಲ್ಲ. ಹೊಸ ನಂಬರ್ ಸೇರಿಸಲು ಆಧಾರ್ ಕೇಂದ್ರಕ್ಕೆ ಹೋಗಿ ಬೆರಳು ಕೊಡಬೇಕು. ವರ್ಷಗಟ್ಟಲೆ ಮಗ್ಗದಲ್ಲೋ ಬಡಗಿ ಕೆಲಸದಲ್ಲೋ ಬೆರಳು ಸವೆದಿದ್ದರೆ ಯಂತ್ರ ಹಿಡಿಯಲ್ಲ. ಬೆರಳು ಒರೆಸಿ ಮತ್ತೆ ಒತ್ತಿ, ಆಗಲಿಲ್ಲವೆಂದರೆ ಕಣ್ಣಿನ ಸ್ಕ್ಯಾನ್. ಅತ್ತ ರೇಷನ್ ಕಾರ್ಡಿನಿಂದ ಹೆಸರು ತೆಗೆದಿರುತ್ತಾರೆ. ಮತದಾರರ ಪಟ್ಟಿಯಿಂದಲೂ ಹೋಗಿದ್ದರೆ ಹೆಸರು ಸೇರಿಸಲು ಫಾರಂ 6 ಕೊಡಬೇಕು. ಶಿಕ್ಷೆಯಾದವನಿಗೆ ಮತ ಹಾಕುವ ಹಕ್ಕೇ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಒಳಗಿರುವಾಗ ಮಾತ್ರ ಇಲ್ಲ.

ಮಂಡಕ್ಕಿ_ಮಾಂಟೇಜ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ನೋಟು, ಗಾರ್ಡು ಎರಡೂ ಹೋದವು. ಕೆಲಸವನ್ನು ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗೆ ಬದಲಾಯಿಸಿದರೆ ಹೇಗೆ? ದಾಖಲೆ ಕೇಳಲ್ಲ, ಕೂಲಿ ಕೈಗೆ ಬರುತ್ತೆ.

ಬೂಮ್_ಕಂಬ

ಭಟ್ಟಿ ಒಳ್ಳೇ ಆಯ್ಕೆ, ಆದರೆ ಶೂಟಿಂಗ್‌ಗೆ ಕಠಿಣ. ಕಾದ ಮರಳು, ಹೊಟ್ಟು, ಹೊಗೆ. ಅಲ್ಲಿ ಲೆನ್ಸ್ ಬದಲಾಯಿಸಲೇಬೇಡಿ, ಸೆನ್ಸರ್ ಮೇಲೆ ಬೂದಿ ಕೂತರೆ ದಿನ ಹಾಳು. ಒಂದೇ ಜೂಮ್ ಹಾಕಿಕೊಂಡು ಒಳಗೆ ಹೋಗಿ, ಎದುರಿಗೆ ಕ್ಲಿಯರ್ ಫಿಲ್ಟರ್ ಇರಲಿ. ನಟರಿಗೆ ಅಂಟಿಸಿದ ಲೇಪಲ್ ಮೈಕು ಬೆವರಿಗೆ ಕೆಡುತ್ತದೆ, ಕೋಲಿಗೆ ಕಟ್ಟಿ ಹಿಡಿಯುವ ಬೂಮ್ ಮೈಕಿಗೇ ಒತ್ತು ಕೊಡಿ. ಮಾತಿರುವ ಶಾಟ್‌ಗಳನ್ನು ಬೆಂಕಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸಿ ತೆಗೆದು, ಬ್ಲೋವರ್ ಸದ್ದನ್ನು ಒಂದೆರಡು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ ಮಾತಿನ ಕೆಳಗೆ ಹಾಸಿ. ಬ್ಲೋವರ್ ನಿಲ್ಲಿಸಿದರೆ ಬೆಂಕಿ ಇಳಿಯುತ್ತದೆ, ಹೊರೆ ಇಳಿಸಿ ಮುಂದಿನದು ಹಾಕುವ ಬಿಡುವಿನಲ್ಲಿ ತೆಗೆಯಬೇಕು. ಭಟ್ಟಿ ಯಜಮಾನರಿಗೆ ಅವತ್ತಿನ ಉತ್ಪಾದನೆಯ ನಷ್ಟ ಕಟ್ಟಿಕೊಡುವ ಮಾತು ಮೊದಲೇ ಆಗಿರಲಿ.

ಏಳೆಂಟು ನಿಮಿಷಕ್ಕೆ ನಿಜವಾದ ಜೈಲಿನ ಹಿಂದೆ ಬೀಳಬೇಡಿ, ಅನುಮತಿಗೆ ಕಾದು ಡೇಟ್ಸ್ ಹೋಗುತ್ತವೆ. ಒಂಟಿ ಸೆಲ್ಲೂ ಬೇಡ, ಜೀವಾವಧಿಯವರು ಹೆಚ್ಚಾಗಿ ಇರುವುದು ಬ್ಯಾರಕ್ಕಿನಲ್ಲಿ. ಎತ್ತರದ ಗವಾಕ್ಷಿಯ ಹಳೇ ಗೋದಾಮು ಸಾಕು. ತಲೆಗೆ ಸುಮಾರು 40 ಚದರಡಿ ಲೆಕ್ಕ ಹಾಕಿದರೆ 15 ಜನರಿಗೆ 15 ಅಡಿ ಅಗಲ, 40 ಅಡಿ ಉದ್ದ. ಅದಕ್ಕೆ 25 ಜನ ತುಂಬಿ, ನಮ್ಮ ಜೈಲುಗಳ ಇಕ್ಕಟ್ಟು ತಾನಾಗೇ ಬರುತ್ತದೆ.

ಬ್ಯಾರಕ್ಕಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ನೀಲಿ ಬೆಳದಿಂಗಳು ಬೇಡ, ಟ್ಯೂಬ್‌ಲೈಟೇ ಹಾಕಿ. ನಮ್ಮ ಕರೆಂಟ್ 50 ಹರ್ಟ್ಸ್. ಸೆಕೆಂಡಿಗೆ 24 ಫ್ರೇಮಿನಲ್ಲಿ 180 ಡಿಗ್ರಿ ಶಟರ್ ಇಟ್ಟರೆ 1/48 ಸೆಕೆಂಡ್, ಚಿತ್ರದಲ್ಲಿ ಪಟ್ಟಿ ಓಡುತ್ತದೆ. 172.8 ಡಿಗ್ರಿಗೆ ತನ್ನಿ, 1/50 ಆಗುತ್ತದೆ. ಅಗ್ಗದ ಎಲ್‌ಇಡಿ ಇದ್ದರೆ ಅದಕ್ಕೂ ಬಗ್ಗಲ್ಲ, ಮುಂಚೆಯೇ ಟೆಸ್ಟ್ ಮಾಡಿ ಬದಲಾಯಿಸಿ.

ಗೇಟಿಗೆ ಮಾತ್ರ ಖರ್ಚು ಮಾಡಿ. ಒಳಗೊಂದು ಹೊರಗೊಂದು ಬಾಗಿಲು, ಎರಡೂ ಒಟ್ಟಿಗೆ ತೆರೆಯಲ್ಲ. ದೊಡ್ಡ ಬಾಗಿಲಿನಲ್ಲೇ ಚಿಕ್ಕ ಬಾಗಿಲು, ಬಗ್ಗಿಯೇ ದಾಟಬೇಕು. ಪ್ಲೈವುಡ್ಡಿನಲ್ಲಿ ಕಟ್ಟಿದರೆ ಕಣ್ಣಿಗೆ ಕಬ್ಬಿಣ, ಕಿವಿಗೆ ಡಬ್ಬಿ. ಅದರ ಸದ್ದನ್ನು ಹಳೇ ಕಾರ್ಖಾನೆಯ ಕಬ್ಬಿಣದ ಗೇಟಿನಲ್ಲಿ ರೆಕಾರ್ಡ್ ಮಾಡಿ: ಅಗುಳಿ, ಕೀಲು, ಬಡಿತ ಮೂರೂ ಬೇರೆ ಬೇರೆ ಟ್ರ್ಯಾಕಿಗೆ.

ಬೀಡಿ ಸೇದುವ ದೃಶ್ಯವಿದ್ದರೆ, ಕೈಬಿಡಲಾದರೆ ಬಿಡಿ. ಒಂದು ಶಾಟ್ ಇದ್ದರೂ ತಂಬಾಕು ಎಚ್ಚರಿಕೆ ಶುರುವಿನಲ್ಲೂ ನಡುವೆಯೂ ಬರಬೇಕು, ಆ ಶಾಟ್‌ನ ಕೆಳಗೆ ಬರಹವೂ ಇರಬೇಕು.